ಕೋಳಿ ಕೂಗುವ ತನಕ

ಮಾತು ಬಾಯಲ್ಲೇ ಎಡವಿ ಬೀಳುವ ನನಗೆ
ಎತೆರಿ ಟೀಚರ್ ಕೊಟ್ಟ ಕೆಲಸ ಇಷ್ಟೇ:
ಸಮಯ ನೋಡುವುದು.
ಅವರ ಅಡುಗೆಮನೆಯಿಂದ ಬಂದ ತಗಡಿನ ಕೋಳಿ,
ಮೊಟ್ಟೆ ಬೇಯಿಸಲೆಂದು ಮಾಡಿದ್ದು.
ಕುತ್ತಿಗೆ ತಿರುವಿದರೆ ಮೂರು ನಿಮಿಷ ಟಿಕಟಿಕ,
ಆಮೇಲೆ ಕಿರ್ರೆಂದು ಕೂಗು.
ಶುಕ್ರವಾರ, ಆರನೇ ಪೀರಿಯಡ್ಡು,
ಕುತಾಯಿಸಿಯ ಈ ಶಾಲೆಯ ಒಂಬತ್ತನೇ ಕ್ಲಾಸಿನಲ್ಲಿ
ನನ್ನ ಕೋಳಿ ಕೂಗದೆ ಯಾರಿಗೂ ಬೆಳಗಾಗುವುದಿಲ್ಲ.

ವಿಷಯ ಬೋರ್ಡಿನ ಮೇಲಿತ್ತು:
ಸೇತುವೆ ತಡೆದು ನಿಲ್ಲುವ ಹಕ್ಕು ಜನರಿಗುಂಟೆ?
ಕಿಟಕಿಯಾಚೆ ರಿಯೋನಿ ನದಿ, ಅದರ ಬಿಳಿ ಕಲ್ಲು,
ಆ ದಡದಿಂದ ಈ ದಡಕ್ಕೆ ಬಸ್ಸುಗಳು ಹೋಗುತ್ತಲೇ ಇದ್ದವು.
ಕಳೆದ ತಿಂಗಳು ಮೂರು ದಿನ ಹೋಗಿರಲಿಲ್ಲ.
ಅದನ್ನು ಯಾರೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಪರವೋ ವಿರೋಧವೋ, ಆರಿಸುವುದು ನಾವಲ್ಲ,
ಎತೆರಿ ಟೀಚರ ಗಂಡನ ಕುರಿಯುಣ್ಣೆ ಟೋಪಿ.
ಕೈ ಹಾಕು, ಚೀಟಿ ತೆಗೆ, ಬಂದದ್ದು ನಿನ್ನದು,
ತಯಾರಿಗೆ ಒಂದು ವಾರ.
ನುಕ್ರಿಗೆ ಬಂತು, ಪರ.
ಅವನಪ್ಪ ಆ ಮೂರೂ ದಿನ
ಗುರಾಣಿ ಹಿಡಿದು ನಿಂತಿದ್ದವರ ಸಾಲಿನಲ್ಲಿ.
ತೆಕ್ಲೆಗೆ ಬಂತು, ವಿರೋಧ.
ಅವಳಣ್ಣ ಹದಿನೈದು ದಿನ ಒಳಗಿದ್ದು
ಮೊನ್ನೆ ಮನೆಗೆ ಬಂದ, ಎಡಗಿವಿ ಕೇಳಿಸುತ್ತಿಲ್ಲ.
"ಬದಲಾಯಿಸಿಕೊಳ್ಳಲಾ ಟೀಚರ್?"
"ಊಹೂಂ. ನಿನ್ನ ಮಾತು ನಿನಗೆ ಗೊತ್ತಿದೆಯಲ್ಲ,
ಅದನ್ನು ಮನೆಯಲ್ಲಾಡು."

ತೆಕ್ಲೆ ಕಾಗದ ನೋಡದೆ ಎದ್ದಳು.
"ಆಂಬುಲೆನ್ಸು" ಅಂದಳು. ಅದೊಂದೇ ಪದ,
ರಾತ್ರಿ ಬಾಗಿಲು ತಟ್ಟಿದ ಹಾಗೆ.
ಆಮೇಲೆ ಲೆಕ್ಕ:
ಸುತ್ತುದಾರಿಗೆ ಎಷ್ಟು ನಿಮಿಷ,
ಹೆರಿಗೆ ನೋವು ಎಷ್ಟು ನಿಮಿಷ ಕಾಯುತ್ತದೆ,
ನಮಗಾಗದವರೂ ದಾಟಲೆಂದು ತಾನೇ ಸೇತುವೆ ಕಟ್ಟಿದ್ದು?
ಎಷ್ಟು ಚೆನ್ನಾಗಿ ವಾದಿಸಿದಳೆಂದರೆ
ಅವಳಿಗೇ ಸಿಟ್ಟು ಬಂತು.
ಕೋಳಿ ಕೂಗುವ ಮೊದಲೇ ಕೂತು
ಬೂಟಿನ ಲೇಸು ಬಿಚ್ಚಿದಳು, ಕಟ್ಟಿದಳು,
ಮತ್ತೆ ಬಿಚ್ಚಿದಳು.

ನುಕ್ರಿ ಬರೆದು ತಂದಿದ್ದ. ಓದಿದ.
ಸಂವಿಧಾನದ ಇಂಥ ಕಲಮು, ಇಂಥ ಇಸವಿ,
ಮುಚ್ಚಿದ ಬಾಗಿಲ ಮುಂದೆ ಕೂಗದೆ
ಜನ ಮತ್ತೆಲ್ಲಿ ಕೂಗಬೇಕು, ಇತ್ಯಾದಿ.
ಕಾಗದ ಮಡಚಿದ.
"ಎದುರಿಗೆ ನಿಂತ ಪೊಲೀಸನೂ"
ಅಂದು ನಿಂತುಬಿಟ್ಟ.

ಆ ಜಾಗ ನನಗೆ ಗೊತ್ತು.
ಕಿರಿದಾದ ಮೆಟ್ಟಿಲಲ್ಲಿ ಮಂಚ ಸಿಕ್ಕಿಕೊಂಡಂತೆ
ಪದ ಅಡ್ಡಡ್ಡ ಸಿಕ್ಕಿಕೊಳ್ಳುವ ಜಾಗ.
ಹಿಂದಿನ ಬೆಂಚು ನಗಲು ತಯಾರಾಯಿತು.
ಮೌನವೂ ಸಮಯದಲ್ಲಿ ಸೇರುತ್ತದೋ ಇಲ್ಲವೋ
ನಿಯಮದ ಹಾಳೆಯಲ್ಲಿ ಬರೆದಿರಲಿಲ್ಲ.
ಹೆಬ್ಬೆರಳಲ್ಲಿ ಕೋಳಿಯ ಕುತ್ತಿಗೆ ಅದುಮಿ ಹಿಡಿದೆ.
ಟಿಕಟಿಕ ನಿಂತಿತು.
ಎತೆರಿ ಟೀಚರ್ ನೋಡಿದರು. ನೋಡಿ,
ಕನ್ನಡಕ ಒರೆಸಿಕೊಳ್ಳತೊಡಗಿದರು.
ಎಷ್ಟು ಹೊತ್ತೋ.
ಎಣಿಸಬೇಕಾದವಳೇ ಕಳ್ಳಿಯಾದ ಮೇಲೆ
ಲೆಕ್ಕ ಯಾರಲ್ಲಿ?

"ಮನೆಗೆ ಬಂದು ನಿದ್ದೆ ಮಾಡುವುದಿಲ್ಲ" ಅಂದ.

ಅದು ವಾದವಲ್ಲ, ಅಂಕ ಸಿಗುವ ಮಾತಲ್ಲ.
ಬೆರಳು ತೆಗೆದೆ.

ಎಲ್ಲರಿಗೂ ಎರಡೆರಡು ಬೀನ್ಸ್ ಕಾಳು,
ಕೆಂಪು ಪರಕ್ಕೆ, ಬಿಳಿ ವಿರೋಧಕ್ಕೆ,
ಉಪ್ಪಿನಕಾಯಿ ಜಾಡಿಯೇ ಮತಪೆಟ್ಟಿಗೆ.
ಎಣಿಸಿದರೆ ಹನ್ನೊಂದು, ಹನ್ನೊಂದು.
"ಇನ್ನೊಮ್ಮೆ ಎಣಿಸೋಣ" ಅಂದ ಯಾರೋ.
"ಹಾಗೇ ಇರಲಿ" ಅಂದರು ಟೀಚರ್, ಜಾಡಿ ತೊಳೆಯಲು ಹೋದರು.
ಸಮಯ ನೋಡುವವಳಿಗೆ ಮತವಿಲ್ಲ,
ಅದು ಮಾತ್ರ ಹಾಳೆಯಲ್ಲಿ ಬರೆದಿತ್ತು.
ಗೇಟಿನಾಚೆ ಒಂದೇ ಬಸ್ಸಿಗೆ ಕಾಯುತ್ತ
ತೆಕ್ಲೆ, ನುಕ್ರಿ, ಬೇರೆ ಬೇರೆ ಕಡೆ ನೋಡುತ್ತಿದ್ದರು.

ರಾತ್ರಿ ಅಮ್ಮ ನನ್ನ ಕೋಟು ಝಾಡಿಸಿದಾಗ
ಹಂಚುವಾಗ ತಪ್ಪಿ ನನಗೂ ಬಂದಿದ್ದವು ಬಿದ್ದವು,
ಒಂದು ಕೆಂಪು, ಒಂದು ಬಿಳಿ.
"ಏನೇ ಇದು?"
"ಮ... ಮ..." ಅಂದೆ.
ಅಮ್ಮ ಯಾವತ್ತೂ ನನ್ನ ಮಾತು ಪೂರ್ತಿ ಮಾಡುವವಳಲ್ಲ,
ಕಾಯುತ್ತಾಳೆ.
ಕಾಯುತ್ತಲೇ ಎರಡನ್ನೂ ತೊಳೆದು
ನಾಳಿನ ಲೋಬಿಯೋಗೆ ನೆನೆಹಾಕಿದ್ದ ಬಟ್ಟಲಿಗೆ ಹಾಕಿದಳು.
ಮೊಟ್ಟೆಯಲ್ಲವಲ್ಲ,
ಮೂರು ನಿಮಿಷಕ್ಕೆ ಬೇಯಲು.